ಚುನಾವಣಾಪೂರ್ವ ಸಮೀಕ್ಷೆ ಮತ್ತು ಮತದಾರರ ನಿರಾಸಕ್ತಿ

ಚುನಾವಣಾಪೂರ್ವ ಸಮೀಕ್ಷೆ ಎಂದರೆ ಮತದಾನಕ್ಕೆ ಮೊದಲು ಮತದಾರರಲ್ಲಿ ಕೆಲವರನ್ನು ಆರಿಸಿ, ಅವರ ಒಲವನ್ನು ವಿಚಾರಿಸಿ, ಅದರ ಆಧಾರದ ಮೇಲೆ ಇಡೀ ಮತದಾರ ಸಮುದಾಯದ ಒಲವನ್ನು ಅಂದಾಜು ಮಾಡುವ ಕ್ರಮ. ಮತದಾನದ ಹಕ್ಕಿದ್ದೂ ಅದನ್ನು ಚಲಾಯಿಸಲು ಮನಸ್ಸು ಮಾಡದಿರುವುದನ್ನು ಮತದಾರರ ನಿರಾಸಕ್ತಿ ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ವಿಷಯಗಳಂತೆ ಕಂಡರೂ ಒಂದಕ್ಕೊಂದು ಹತ್ತಿರದ ಸಂಬಂಧವುಳ್ಳವು. ಸಮೀಕ್ಷೆಯು ಜನರ ಅಭಿಪ್ರಾಯವನ್ನು ಅಳೆಯುತ್ತದೆ. ಚುನಾವಣೆಯು ಮತಗಟ್ಟೆಗೆ ಬಂದವರ ಅಭಿಪ್ರಾಯವನ್ನು ಮಾತ್ರ ಎಣಿಸುತ್ತದೆ. ಅಭಿಪ್ರಾಯ ಹೇಳಿದವರೆಲ್ಲರೂ ಮತ ಹಾಕುವುದಿಲ್ಲ. ಸಮೀಕ್ಷೆಗಳು ತಪ್ಪುವುದಕ್ಕೆ ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಭಾರತದಲ್ಲಿ ಚುನಾವಣಾಪೂರ್ವ ಸಮೀಕ್ಷೆಗಳು 1950ರ ದಶಕದಲ್ಲಿ ಆರಂಭವಾಗಿ, 1980ರ ನಂತರ ಪತ್ರಿಕೆಗಳ ಮೂಲಕವೂ 1990ರ ದಶಕದಿಂದ ದೂರದರ್ಶನದ ಮೂಲಕವೂ ಜನಪ್ರಿಯವಾದವು. ಇದೇ ಅವಧಿಯಲ್ಲಿ ದೇಶದ ಒಟ್ಟಾರೆ ಮತದಾನದ ಪ್ರಮಾಣ ಹೆಚ್ಚಿದ್ದರೂ ಬೆಂಗಳೂರಿನಂತಹ ಮಹಾನಗರಗಳಲ್ಲಿ ಅದು ಹಿಂದುಳಿದೇ ಇದೆ.

ಪರಿಭಾಷೆ

ಚುನಾವಣೆಗೆ ಸಂಬಂಧಿಸಿದ ಸಮೀಕ್ಷೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

• ಚುನಾವಣಾಪೂರ್ವ ಸಮೀಕ್ಷೆ: ಮತದಾನಕ್ಕೆ ದಿನಗಳು, ವಾರಗಳು ಅಥವಾ ತಿಂಗಳುಗಳ ಮೊದಲು ನಡೆಯುವಂಥದು. ಇದರಲ್ಲಿ ದೊರೆಯುವುದು ಮತದಾರನ ಅಂದಿನ ಒಲವು ಮಾತ್ರ.

• ಮತಗಟ್ಟೆ ಸಮೀಕ್ಷೆ: ಸಾಮಾನ್ಯವಾಗಿ ಎಕ್ಸಿಟ್ ಪೋಲ್ ಎಂದೇ ಕರೆಯಲ್ಪಡುತ್ತದೆ. ಮತ ಹಾಕಿ ಹೊರಬಂದವರನ್ನು ಅಲ್ಲಿಯೇ ಪ್ರಶ್ನಿಸಲಾಗುತ್ತದೆ.

• ಮತದಾನೋತ್ತರ ಸಮೀಕ್ಷೆ: ಮತದಾನ ಮುಗಿದ ನಂತರ ಮತದಾರರ ಮನೆಗೆ ಹೋಗಿ ನಡೆಸುವಂಥದು. ಯಾರು ಗೆಲ್ಲುವರು ಎಂಬುದಕ್ಕಿಂತ ಯಾರು, ಏಕೆ, ಯಾರಿಗೆ ಮತ ಹಾಕಿದರು ಎಂಬುದನ್ನು ತಿಳಿಯಲು ಇದು ಹೆಚ್ಚು ಉಪಯುಕ್ತ.

ಮೊದಲನೆಯ ಬಗೆಗೂ ಉಳಿದೆರಡಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಉತ್ತರ ಕೊಡುವವನು ಮುಂದೆ ಮತ ಹಾಕುವನೋ ಇಲ್ಲವೋ ಎಂಬುದು ತಿಳಿದಿರುವುದಿಲ್ಲ. ಆದ್ದರಿಂದ ನಿರಾಸಕ್ತಿಯ ಪರಿಣಾಮ ಹೆಚ್ಚಾಗಿ ತಟ್ಟುವುದು ಚುನಾವಣಾಪೂರ್ವ ಸಮೀಕ್ಷೆಗೇ.

ಇತಿಹಾಸ

ಅಮೆರಿಕದಲ್ಲಿ ಆರಂಭ

ಪತ್ರಿಕೆಗಳು ಓದುಗರ ಮತ್ತು ದಾರಿಹೋಕರ ಅಭಿಪ್ರಾಯ ಸಂಗ್ರಹಿಸುವ ಪದ್ಧತಿ ಅಮೆರಿಕದಲ್ಲಿ 1824ರ ಅಧ್ಯಕ್ಷೀಯ ಚುನಾವಣೆಯ ಕಾಲಕ್ಕೇ ಇತ್ತು. ಇಂತಹ ಎಣಿಕೆಗಳಲ್ಲಿ ಯಾರನ್ನು ಕೇಳಬೇಕು ಎಂಬ ನಿಯಮವಿರಲಿಲ್ಲ. ಹೆಚ್ಚು ಜನರನ್ನು ಕೇಳಿದಷ್ಟೂ ಉತ್ತರ ಸರಿಯಾಗಿರುತ್ತದೆ ಎಂಬ ನಂಬಿಕೆಯಿತ್ತು.

ಈ ನಂಬಿಕೆ ಮುರಿದುಬಿದ್ದದ್ದು 1936ರಲ್ಲಿ. ಹಿಂದಿನ ಹಲವು ಚುನಾವಣೆಗಳಲ್ಲಿ ಫಲಿತಾಂಶವನ್ನು ಸರಿಯಾಗಿ ಊಹಿಸಿದ್ದ 'ಲಿಟರರಿ ಡೈಜೆಸ್ಟ್' ಪತ್ರಿಕೆಯು ಆ ವರ್ಷ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಆದರೆ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಸುಮಾರು 50 ಸಾವಿರ ಜನರನ್ನು ಮಾತ್ರ ವಿಚಾರಿಸಿದ್ದ ಜಾರ್ಜ್ ಗ್ಯಾಲಪ್ ಅವರ ಸಂಸ್ಥೆ ರೂಸ್‌ವೆಲ್ಟ್ ಅವರ ಗೆಲುವನ್ನು ಮೊದಲೇ ತಿಳಿಸಿತ್ತು.

ಲಿಟರರಿ ಡೈಜೆಸ್ಟ್‌ನ ವೈಫಲ್ಯಕ್ಕೆ ಎರಡು ಕಾರಣಗಳನ್ನು ಗುರುತಿಸಲಾಗಿದೆ. ಒಂದು, ವಿಳಾಸಗಳನ್ನು ದೂರವಾಣಿ ಮತ್ತು ಮೋಟಾರುಕಾರು ಮಾಲೀಕರ ಪಟ್ಟಿಗಳಿಂದ ತೆಗೆದುಕೊಂಡದ್ದರಿಂದ ಬಡವರು ಬಿಟ್ಟುಹೋದರು. ಎರಡು, ಪತ್ರ ತಲುಪಿದವರಲ್ಲಿ ಬಹುಪಾಲು ಜನ ಉತ್ತರ ಬರೆಯಲೇ ಇಲ್ಲ. ಹಾಗೆ ಸುಮ್ಮನಿದ್ದವರಲ್ಲಿ ರೂಸ್‌ವೆಲ್ಟ್ ಬೆಂಬಲಿಗರು ಹೆಚ್ಚಾಗಿದ್ದರು. ಎರಡನೆಯ ಕಾರಣ ಮೊದಲನೆಯದರಷ್ಟೇ ಮಹತ್ವದ್ದೆಂದು ನಂತರದ ಅಧ್ಯಯನಗಳು ತೋರಿಸಿವೆ. ಉತ್ತರಿಸದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮೀಕ್ಷೆ ದಾರಿ ತಪ್ಪುತ್ತದೆ ಎಂಬ ಪಾಠ ಇದರಿಂದ ದೊರೆಯಿತು.

1948ರಲ್ಲಿ ಗ್ಯಾಲಪ್ ಸಂಸ್ಥೆಯೂ ಎಡವಿತು. ಥಾಮಸ್ ಡ್ಯೂಯಿ ಗೆಲ್ಲುವರೆಂದು ಹೇಳಲಾಗಿತ್ತು; ಗೆದ್ದವರು ಹ್ಯಾರಿ ಟ್ರೂಮನ್. ಮತದಾನಕ್ಕೆ ಇನ್ನೂ ದಿನಗಳಿರುವಾಗಲೇ ವಿಚಾರಣೆ ನಿಲ್ಲಿಸಿದ್ದರಿಂದ ಕೊನೆಯ ಹಂತದಲ್ಲಿ ಮನಸ್ಸು ಬದಲಿಸಿದವರು ಲೆಕ್ಕಕ್ಕೆ ಸಿಗಲಿಲ್ಲ. ವಯಸ್ಸು, ಲಿಂಗ, ವರಮಾನಗಳಿಗೆ ತಕ್ಕಂತೆ ಇಂತಿಷ್ಟು ಜನರನ್ನು ಸಮೀಕ್ಷಕನೇ ಆರಿಸಿಕೊಳ್ಳುವ ಕೋಟಾ ಪದ್ಧತಿಯ ದೋಷವೂ ಬೆಳಕಿಗೆ ಬಂತು. ಆ ಬಳಿಕ ಯಾದೃಚ್ಛಿಕ ಆಯ್ಕೆಗೆ ಹೆಚ್ಚಿನ ಮಾನ್ಯತೆ ಬಂದಿತು.

ಭಾರತದಲ್ಲಿ ಬೆಳವಣಿಗೆ

ಭಾರತದಲ್ಲಿ ಈ ಕೆಲಸಕ್ಕೆ ನಾಂದಿ ಹಾಡಿದವರು ಎರಿಕ್ ಡ'ಕೋಸ್ಟ. ಅವರು 1950ರ ದಶಕದಲ್ಲಿ 'ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಒಪಿನಿಯನ್' ಸಂಸ್ಥೆಯನ್ನು ಕಟ್ಟಿದರು. 1963ರಲ್ಲಿ ರಜನಿ ಕೊಠಾರಿಯವರು ದೆಹಲಿಯಲ್ಲಿ ಸ್ಥಾಪಿಸಿದ 'ಅಭಿವೃದ್ಧಿಶೀಲ ಸಮಾಜಗಳ ಅಧ್ಯಯನ ಕೇಂದ್ರ'ವು, ಅಂದರೆ ಸಿ.ಎಸ್.ಡಿ.ಎಸ್. ಸಂಸ್ಥೆಯು, ಮತದಾರರ ವರ್ತನೆಯನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡತೊಡಗಿತು. ಅದರ 'ಲೋಕನೀತಿ' ಕಾರ್ಯಕ್ರಮ 1990ರ ದಶಕದ ಮಧ್ಯಭಾಗದಿಂದ ರಾಷ್ಟ್ರೀಯ ಚುನಾವಣಾ ಅಧ್ಯಯನಗಳನ್ನು ನಡೆಸುತ್ತಿದೆ. 1980ರ ದಶಕದಲ್ಲಿ ಪ್ರಣಯ್ ರಾಯ್ ಮತ್ತು ಅಶೋಕ್ ಲಾಹಿರಿಯವರು 'ಇಂಡಿಯಾ ಟುಡೇ' ಪತ್ರಿಕೆಗಾಗಿ ನಡೆಸಿದ ಸಮೀಕ್ಷೆಗಳು ಸಾಮಾನ್ಯ ಓದುಗರಿಗೂ ಈ ವಿಷಯವನ್ನು ಪರಿಚಯಿಸಿದವು.

2004ರ ಲೋಕಸಭಾ ಚುನಾವಣೆ ಭಾರತೀಯ ಸಮೀಕ್ಷೆಗಳ ಇತಿಹಾಸದಲ್ಲಿ ಬಹಳ ಚರ್ಚೆಗೊಳಗಾದ ಪ್ರಸಂಗ. ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟ ಮತ್ತೆ ಅಧಿಕಾರಕ್ಕೆ ಬರುವುದೆಂದು ಹೆಚ್ಚಿನ ಚುನಾವಣಾಪೂರ್ವ ಸಮೀಕ್ಷೆಗಳು ಹೇಳಿದ್ದವು. ಫಲಿತಾಂಶದಲ್ಲಿ ಕಾಂಗ್ರೆಸ್ 145, ಭಾರತೀಯ ಜನತಾ ಪಕ್ಷ 138 ಸ್ಥಾನ ಪಡೆದು, ಕಾಂಗ್ರೆಸ್ ನೇತೃತ್ವದ ಸರ್ಕಾರ ರಚನೆಯಾಯಿತು. 2024ರಲ್ಲಿಯೂ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಒಕ್ಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಕೊಟ್ಟಿದ್ದವು, ಬಂದದ್ದು 293. ಇದಕ್ಕೆ ವಿರುದ್ಧವಾಗಿ 2014 ಮತ್ತು 2019ರಲ್ಲಿ ಗೆಲ್ಲುವವರು ಯಾರೆಂಬುದನ್ನು ಸಮೀಕ್ಷೆಗಳು ಸರಿಯಾಗಿಯೇ ಗುರುತಿಸಿದ್ದವು. ಕರ್ನಾಟಕದ 2023ರ ವಿಧಾನಸಭಾ ಚುನಾವಣೆಯಲ್ಲಿ ಹಲವು ಮತಗಟ್ಟೆ ಸಮೀಕ್ಷೆಗಳು ಅತಂತ್ರ ವಿಧಾನಸಭೆಯ ಸಾಧ್ಯತೆಯನ್ನು ಮುಂದಿಟ್ಟವು. ಸ್ಪಷ್ಟ ಬಹುಮತವನ್ನು ಸೂಚಿಸಿದವು ಕೆಲವೇ. ಕಾಂಗ್ರೆಸ್ 135 ಸ್ಥಾನಗಳನ್ನು ಗಳಿಸಿತು.

ಸಮೀಕ್ಷೆಯ ವಿಧಾನ

ಮಾದರಿಯ ಆಯ್ಕೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ರೂಢಿಯ ಮಾತು. ಸಮೀಕ್ಷೆಯ ತತ್ತ್ವವೂ ಇದೇ. ಆದರೆ ಪಾತ್ರೆಯ ತಳ, ಮೇಲು, ಅಂಚು ಎಲ್ಲೆಡೆಯೂ ಅನ್ನ ಒಂದೇ ಸಮನಾಗಿ ಬೆಂದಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಜಾತಿ, ಧರ್ಮ, ಭಾಷೆ, ವರಮಾನ, ಪ್ರದೇಶಗಳಲ್ಲಿ ಇಷ್ಟೊಂದು ವೈವಿಧ್ಯವಿರುವ ಸಮಾಜದಲ್ಲಿ ಹಲವು ಕಡೆಯಿಂದ ಅಗುಳುಗಳನ್ನು ತೆಗೆದು ನೋಡಬೇಕಾಗುತ್ತದೆ.

ಯಾದೃಚ್ಛಿಕ ಮಾದರಿಯಲ್ಲಿ ಮೊದಲು ಕ್ಷೇತ್ರಗಳನ್ನು, ಅವುಗಳಲ್ಲಿ ಮತಗಟ್ಟೆಗಳನ್ನು, ಕೊನೆಗೆ ಆ ಮತಗಟ್ಟೆಯ ಮತದಾರರ ಪಟ್ಟಿಯಿಂದ ನಿಗದಿತ ಅಂತರದಲ್ಲಿ ಹೆಸರುಗಳನ್ನು ಆರಿಸಲಾಗುತ್ತದೆ. ಸಮೀಕ್ಷಕರು ಆ ಹೆಸರಿನ ವ್ಯಕ್ತಿಯನ್ನೇ ಹುಡುಕಿಕೊಂಡು ಹೋಗಬೇಕು. ಲೋಕನೀತಿ ಸಮೀಕ್ಷೆಗಳಲ್ಲಿ ಈ ಕ್ರಮವನ್ನು ಅನುಸರಿಸಲಾಗುತ್ತದೆ. ಯಾರಿಗೆ ಮತ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಪಡೆಯುವ ಬದಲು, ಮಾದರಿ ಮತಪತ್ರದಲ್ಲಿ ಗುರುತು ಹಾಕಿಸಿ ಪೆಟ್ಟಿಗೆಯೊಂದರಲ್ಲಿ ಹಾಕಿಸುವ ಕ್ರಮವೂ ಇದೆ. ಅಕ್ಕಪಕ್ಕದವರು ನೆರೆದಿರುವಾಗ ಗುಟ್ಟು ಬಿಟ್ಟುಕೊಡದ ಮತದಾರನಿಗೆ ಇದರಿಂದ ಧೈರ್ಯ ಬರುತ್ತದೆ.

ದೂರವಾಣಿ ಮತ್ತು ಅಂತರಜಾಲದ ಸಮೀಕ್ಷೆಗಳು ಅಗ್ಗ ಮತ್ತು ಶೀಘ್ರ. ಆದರೆ ಕರೆ ಸ್ವೀಕರಿಸದವರು, ಉತ್ತರಿಸಲು ಒಪ್ಪದವರು ಅವುಗಳಲ್ಲಿ ಹೆಚ್ಚಿರುತ್ತಾರೆ. ಬ್ರಿಟನ್ನಿನಲ್ಲಿ 2015ರ ಸಂಸತ್ ಚುನಾವಣೆಯ ಸಮೀಕ್ಷೆಗಳು ವಿಫಲವಾದಾಗ ನಡೆದ ವಿಚಾರಣೆಯಲ್ಲಿ ಮಾದರಿಯು ಪ್ರಾತಿನಿಧಿಕವಾಗಿಲ್ಲದಿದ್ದುದೇ ಮುಖ್ಯ ಕಾರಣವೆಂದು ಕಂಡುಬಂದಿತು.

ದೋಷದ ಅಂಚು

ಮಾದರಿಯಿಂದ ಪಡೆದ ಯಾವುದೇ ಅಂಕಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಯಾದೃಚ್ಛಿಕವಾಗಿ ಆರಿಸಿದ 1,000 ಜನರ ಮಾದರಿಯಲ್ಲಿ ಈ ಅಂಚು ಸುಮಾರು ಶೇಕಡಾ 3. 2,500 ಜನರಾದರೆ ಸುಮಾರು ಶೇಕಡಾ 2. ಅಂಚನ್ನು ಅರ್ಧಕ್ಕೆ ಇಳಿಸಬೇಕಾದರೆ ಮಾದರಿಯನ್ನು ನಾಲ್ಕು ಪಟ್ಟು ಹಿಗ್ಗಿಸಬೇಕು. ಆದ್ದರಿಂದ ಒಂದು ಪಕ್ಷಕ್ಕೆ ಶೇಕಡಾ 41, ಇನ್ನೊಂದಕ್ಕೆ 39 ಎಂದು 1,000 ಜನರ ಸಮೀಕ್ಷೆ ಹೇಳಿದರೆ ಅದರ ಅರ್ಥ ಮೊದಲನೆಯದು ಮುಂದಿದೆ ಎಂದಲ್ಲ. ಸ್ಪರ್ಧೆ ಸಮಬಲದ್ದು ಎಂದು. ಈ ಲೆಕ್ಕಾಚಾರ ಮಾದರಿಯ ಗಾತ್ರಕ್ಕೆ ಸಂಬಂಧಿಸಿದ ದೋಷವನ್ನು ಮಾತ್ರ ಹೇಳುತ್ತದೆ. ತಪ್ಪು ಜನರನ್ನು ಕೇಳಿದ್ದರಿಂದಲೋ ಉತ್ತರಿಸಿದವರು ಮತ ಹಾಕದೆ ಉಳಿದದ್ದರಿಂದಲೋ ಆಗುವ ದೋಷ ಇದರಲ್ಲಿ ಸೇರುವುದಿಲ್ಲ.

ಮತದಿಂದ ಸ್ಥಾನಕ್ಕೆ

ಹೆಚ್ಚು ಮತ ಪಡೆದವನೇ ವಿಜಯಿ ಎಂಬ ಪದ್ಧತಿಯಿರುವ ಭಾರತದಲ್ಲಿ ಮತಗಳ ಪ್ರಮಾಣವನ್ನು ಸರಿಯಾಗಿ ಅಂದಾಜಿಸಿದರೂ ಸ್ಥಾನಗಳ ಅಂದಾಜು ತಪ್ಪಬಹುದು. ಇದಕ್ಕೆ ಕರ್ನಾಟಕದ ವಿಧಾನಸಭಾ ಚುನಾವಣೆಗಳೇ ಉತ್ತಮ ಉದಾಹರಣೆ. 2018ರಲ್ಲಿ ಕಾಂಗ್ರೆಸ್ ಸುಮಾರು ಶೇಕಡಾ 38 ಮತಗಳನ್ನೂ ಭಾರತೀಯ ಜನತಾ ಪಕ್ಷ ಸುಮಾರು ಶೇಕಡಾ 36 ಮತಗಳನ್ನೂ ಪಡೆದವು. ಆದರೂ ಭಾರತೀಯ ಜನತಾ ಪಕ್ಷ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾಯಿತು. 2023ರಲ್ಲಿ ಅದೇ ಪಕ್ಷಕ್ಕೆ ಮತ್ತೆ ಸುಮಾರು ಶೇಕಡಾ 36 ಮತಗಳೇ ಬಂದವು. ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಎದುರಾಳಿಯ ಮತಗಳು ಒಗ್ಗೂಡಿದವೇ ಹಂಚಿಹೋದವೇ, ಯಾವ ಪ್ರದೇಶದಲ್ಲಿ ಮತಗಳು ಹೆಚ್ಚು ಬಂದವು ಎಂಬುದರ ಮೇಲೆ ಇದು ನಿಂತಿರುತ್ತದೆ.

ಮತದಾರರ ನಿರಾಸಕ್ತಿ

ಸೈದ್ಧಾಂತಿಕ ಹಿನ್ನೆಲೆ

ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1957ರಲ್ಲಿ ಪ್ರಕಟಿಸಿದ ಪ್ರಜಾಪ್ರಭುತ್ವದ ಆರ್ಥಿಕ ಸಿದ್ಧಾಂತವನ್ನು ಕುರಿತ ಗ್ರಂಥದಲ್ಲಿ ಒಂದು ವಿರೋಧಾಭಾಸವನ್ನು ಎತ್ತಿ ತೋರಿಸಿದರು. ಲಕ್ಷಾಂತರ ಮತಗಳ ನಡುವೆ ತನ್ನೊಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ತೀರ ಕಡಿಮೆ. ಮತ ಹಾಕಲು ಸಮಯ ಮತ್ತು ಶ್ರಮ ಬೇಕು. ಲಾಭನಷ್ಟದ ಲೆಕ್ಕ ಹಾಕುವವನು ಮನೆಯಲ್ಲಿಯೇ ಉಳಿಯಬೇಕಾಗುತ್ತದೆ. ಹಾಗಿದ್ದರೂ ಕೋಟಿಗಟ್ಟಲೆ ಜನ ಮತ ಹಾಕುತ್ತಾರೆ. ಕರ್ತವ್ಯಪ್ರಜ್ಞೆ, ಸಮುದಾಯದೊಂದಿಗಿನ ಬಾಂಧವ್ಯ, ತಾನೂ ಈ ನಾಡಿನ ಪ್ರಜೆ ಎಂಬ ಅಭಿಮಾನ ಇವು ಆ ಲೆಕ್ಕವನ್ನು ಮೀರಿಸುತ್ತವೆ ಎಂದು ನಂತರದ ವಿದ್ವಾಂಸರು ವಿವರಿಸಿದ್ದಾರೆ.

ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ನಡೆಸಿದ ಅಧ್ಯಯನದಲ್ಲಿ ಮತ್ತೊಂದು ಅಂಶ ಕಂಡಿತು. ಮನೆಯವರು ಒಂದು ಕಡೆಗೂ ಗೆಳೆಯರು ಇನ್ನೊಂದು ಕಡೆಗೂ ಎಳೆಯುತ್ತಿದ್ದರೆ ಮತದಾರನು ನಿರ್ಧಾರವನ್ನು ಮುಂದೂಡುತ್ತಾನೆ, ಆಸಕ್ತಿಯನ್ನೂ ಕಳೆದುಕೊಳ್ಳುತ್ತಾನೆ.

ಮತ ಹಾಕದವರ ವರ್ಗಗಳು

ಮತ ಹಾಕದವರೆಲ್ಲರೂ ನಿರಾಸಕ್ತರಲ್ಲ. ಅವರನ್ನು ಹೀಗೆ ವಿಂಗಡಿಸಬಹುದು.

1. ಬರಲಾಗದವರು: ರೋಗಿಗಳು, ವೃದ್ಧರು, ಕೂಲಿ ಅರಸಿ ಬೇರೆ ಊರಿಗೆ ಹೋದವರು, ಅಂದು ಕೆಲಸ ಬಿಡಲಾಗದವರು.
2. ಪಟ್ಟಿಯಲ್ಲಿ ಹೆಸರಿಲ್ಲದವರು: ಅರ್ಹತೆಯಿದ್ದೂ ನೋಂದಾಯಿಸದವರು ಅಥವಾ ಹೆಸರು ಕೈಬಿಟ್ಟುಹೋದವರು.
3. ಪಟ್ಟಿಯಲ್ಲಿ ಮಾತ್ರ ಇರುವವರು: ಮನೆ ಬದಲಿಸಿದರೂ ಮೃತಪಟ್ಟರೂ ಹೆಸರು ಹಳೆಯ ಪಟ್ಟಿಯಲ್ಲಿಯೇ ಉಳಿದವರು.
4. ಬಹಿಷ್ಕರಿಸಿದವರು: ರಸ್ತೆ, ನೀರು, ಸೇತುವೆಗಳಿಗಾಗಿ ಊರಿಗೆ ಊರೇ ಮತದಾನದಿಂದ ದೂರ ಉಳಿಯುವುದುಂಟು. ಇದು ಉದಾಸೀನವಲ್ಲ, ಪ್ರತಿಭಟನೆ.
5. ನಿಜವಾದ ನಿರಾಸಕ್ತರು: ಯಾರು ಬಂದರೂ ಅಷ್ಟೇ ಎಂಬ ಭಾವನೆಯವರು ಮತ್ತು ರಜೆಯ ದಿನವನ್ನು ಬೇರೆ ಕಾರ್ಯಕ್ಕೆ ಬಳಸುವವರು.

ಮತದಾನದ ಪ್ರಮಾಣವನ್ನು ಪಟ್ಟಿಯಲ್ಲಿರುವ ಹೆಸರುಗಳಿಗೆ ಹೋಲಿಸಿ ಲೆಕ್ಕಹಾಕಲಾಗುತ್ತದೆ. ಹೀಗಾಗಿ ಎರಡನೆಯ ವರ್ಗದವರು ಈ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ; ಮೂರನೆಯ ವರ್ಗದವರು ನಿರಾಸಕ್ತರಂತೆ ಕಾಣುತ್ತಾರೆ. ಕಡಿಮೆ ಮತದಾನವನ್ನು ಕಂಡಕೂಡಲೇ ಜನರನ್ನು ದೂರುವ ಮೊದಲು ಪಟ್ಟಿಯ ಸ್ಥಿತಿಯನ್ನೂ ಪರಿಶೀಲಿಸಬೇಕಾಗುತ್ತದೆ.

ಭಾರತದಲ್ಲಿ ಮತದಾನದ ಪ್ರಮಾಣ

ಲೋಕಸಭಾ ಚುನಾವಣೆಗಳಲ್ಲಿ ಕೆಲವು ವರ್ಷಗಳ ಮತದಾನದ ಪ್ರಮಾಣ ಸರಿಸುಮಾರು ಹೀಗಿದೆ.

• 1951–52: ಶೇಕಡಾ 45
• 1962: ಶೇಕಡಾ 55
• 1984: ಶೇಕಡಾ 64
• 2009: ಶೇಕಡಾ 58
• 2014: ಶೇಕಡಾ 66
• 2019: ಶೇಕಡಾ 67
• 2024: ಶೇಕಡಾ 66

ಮಹಿಳೆಯರ ಭಾಗವಹಿಸುವಿಕೆಯಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. 1962ರಲ್ಲಿ ಪುರುಷರಲ್ಲಿ ಸುಮಾರು ಶೇಕಡಾ 63 ಮಂದಿ ಮತ ಹಾಕಿದ್ದರೆ ಮಹಿಳೆಯರಲ್ಲಿ ಸುಮಾರು ಶೇಕಡಾ 47 ಮಂದಿ ಮಾತ್ರ ಮತ ಹಾಕಿದ್ದರು. 2019ರಲ್ಲಿ ಮಹಿಳೆಯರ ಪ್ರಮಾಣ ಪುರುಷರ ಪ್ರಮಾಣವನ್ನು ತುಸು ಮೀರಿತು.

ಅಮೆರಿಕದಂತಹ ದೇಶಗಳಲ್ಲಿ ವಿದ್ಯೆ ಮತ್ತು ವರಮಾನ ಹೆಚ್ಚಿದಂತೆ ಮತದಾನವೂ ಹೆಚ್ಚುತ್ತದೆ. ಭಾರತದಲ್ಲಿ ಹಾಗಿಲ್ಲ. ಹಳ್ಳಿಗಳ ಜನರೂ ಬಡವರೂ ಉತ್ಸಾಹದಿಂದ ಮತ ಹಾಕುತ್ತಾರೆ. ಮಹಾನಗರಗಳ ಅನುಕೂಲಸ್ಥರಲ್ಲಿ ಉದಾಸೀನ ಹೆಚ್ಚು. ಪಡಿತರ, ಪಿಂಚಣಿ, ಸರ್ಕಾರಿ ಆಸ್ಪತ್ರೆ, ಶಾಲೆಗಳನ್ನು ನಂಬಿದವರಿಗೆ ಸರ್ಕಾರ ಬದಲಾದರೆ ಬದುಕೂ ಬದಲಾಗುತ್ತದೆ. ಅವರಿಗೆ ಮತವೊಂದೇ ಕೈಯಲ್ಲಿರುವ ಸಾಧನ. ಖಾಸಗಿ ವ್ಯವಸ್ಥೆಯ ಆಸರೆಯುಳ್ಳವರಿಗೆ ಆ ಅಗತ್ಯ ಅಷ್ಟಾಗಿ ತೋರುವುದಿಲ್ಲ.

ಬೆಂಗಳೂರು: ಒಂದು ನಿದರ್ಶನ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ಒಟ್ಟು ಮತದಾನ ಶೇಕಡಾ 70ನ್ನು ದಾಟಿತು. ಮಂಡ್ಯ ಕ್ಷೇತ್ರದಲ್ಲಿ ಅದು ಶೇಕಡಾ 81ಕ್ಕೂ ಹೆಚ್ಚಿತ್ತು. ಅದೇ ಏಪ್ರಿಲ್ 26ರಂದು ಬೆಂಗಳೂರು ಉತ್ತರ, ಬೆಂಗಳೂರು ಕೇಂದ್ರ ಮತ್ತು ಬೆಂಗಳೂರು ದಕ್ಷಿಣ ಕ್ಷೇತ್ರಗಳಲ್ಲಿ ಪ್ರಮಾಣ ಶೇಕಡಾ 54ರ ಆಸುಪಾಸಿನಲ್ಲಿತ್ತು. ಎರಡು ಗಂಟೆಗಳ ಪ್ರಯಾಣದ ದೂರದಲ್ಲಿರುವ ಎರಡು ಊರುಗಳ ನಡುವೆ ಶೇಕಡಾ 27ರಷ್ಟು ಅಂತರ. 2019ರ ಚುನಾವಣೆಯಲ್ಲಿಯೂ ಚಿತ್ರ ಹೆಚ್ಚುಕಡಿಮೆ ಇದೇ ಆಗಿತ್ತು.

ಇದಕ್ಕೆ ಹಲವು ಕಾರಣಗಳಿವೆ. ನಗರದಲ್ಲಿ ಬಾಡಿಗೆದಾರರು ಹೆಚ್ಚು. ಬಡಾವಣೆ ಬದಲಿಸಿದಾಗ ಪಟ್ಟಿಯಲ್ಲಿ ವಿಳಾಸ ಬದಲಿಸಿಕೊಳ್ಳುವವರು ಕಡಿಮೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದ ಅನೇಕರು ಹುಟ್ಟೂರಿನ ಪಟ್ಟಿಯಲ್ಲಿಯೇ ಇದ್ದು, ಹಬ್ಬಕ್ಕೆ ಹೋಗುವಂತೆ ಮತ ಹಾಕಲೂ ಊರಿಗೆ ಹೋಗುತ್ತಾರೆ. ಮತದಾನದ ದಿನ ವಾರಾಂತ್ಯಕ್ಕೆ ಹೊಂದಿಕೊಂಡರೆ ಸಾಲು ರಜೆಯೆಂದು ಪ್ರವಾಸ ಹೊರಡುವವರೂ ಇದ್ದಾರೆ. ಹಳ್ಳಿಯಲ್ಲಿ ಅಭ್ಯರ್ಥಿಯ ಕಡೆಯವರು ಮನೆಬಾಗಿಲಿಗೆ ಬರುತ್ತಾರೆ. ಯಾರು ಮತ ಹಾಕಿದರು, ಯಾರು ಹಾಕಲಿಲ್ಲ ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ನೆರೆಮನೆಯವರ ಪರಿಚಯವೇ ಇಲ್ಲದ ವಸತಿ ಸಮುಚ್ಚಯಗಳಲ್ಲಿ ಅಂತಹ ಸಾಮಾಜಿಕ ಒತ್ತಡವಿಲ್ಲ.

ನಗರಾಡಳಿತದ ಚುನಾವಣೆಯಲ್ಲಿಯೂ ಉತ್ಸಾಹ ಕಡಿಮೆ. 2015ರ ಆಗಸ್ಟ್‌ನಲ್ಲಿ ನಡೆದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ ಸುಮಾರು ಅರ್ಧದಷ್ಟು ಮತದಾರರು ಮಾತ್ರ ಮತ ಹಾಕಿದರು. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ ವರ್ಷಗಳ ಕಾಲ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಗರ ಉಳಿಯಿತು.

ಸಮೀಕ್ಷೆ ಮತ್ತು ನಿರಾಸಕ್ತಿಯ ಪರಸ್ಪರ ಪ್ರಭಾವ

ನಿರಾಸಕ್ತಿಯಿಂದ ಸಮೀಕ್ಷೆಗೆ ಆಗುವ ತೊಡಕು

ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ವಿವರಿಸಬಹುದು. ಸಾವಿರ ಮತದಾರರಲ್ಲಿ 520 ಜನ 'ಅ' ಪಕ್ಷವನ್ನೂ 480 ಜನ 'ಆ' ಪಕ್ಷವನ್ನೂ ಬೆಂಬಲಿಸುತ್ತಾರೆ ಎಂದಿಟ್ಟುಕೊಳ್ಳೋಣ. ಸಮೀಕ್ಷೆ ಇದನ್ನು ಕರಾರುವಾಕ್ಕಾಗಿ ಅಳೆದಿದೆ. ಮತದಾನದ ದಿನ 'ಅ' ಪಕ್ಷದ ಬೆಂಬಲಿಗರಲ್ಲಿ ಶೇಕಡಾ 50, 'ಆ' ಪಕ್ಷದ ಬೆಂಬಲಿಗರಲ್ಲಿ ಶೇಕಡಾ 60 ಮಂದಿ ಮತಗಟ್ಟೆಗೆ ಬಂದರೆ, 'ಅ' ಪಕ್ಷಕ್ಕೆ 260 ಮತ, 'ಆ' ಪಕ್ಷಕ್ಕೆ 288 ಮತ. ಸಮೀಕ್ಷೆಯಲ್ಲಿ ಮುಂದಿದ್ದ ಪಕ್ಷ ಚುನಾವಣೆಯಲ್ಲಿ ಸೋತಿತು. ಅಭಿಪ್ರಾಯದ ಅಳತೆಯಲ್ಲಿ ತಪ್ಪಿರಲಿಲ್ಲ. ಬಾರದವರ ಅಳತೆ ಸಿಕ್ಕಿರಲಿಲ್ಲ.

'ನೀವು ಮತ ಹಾಕುವಿರಾ?' ಎಂದು ನೇರವಾಗಿ ಕೇಳಿದರೆ ಬಹುತೇಕರು 'ಹೌದು' ಎನ್ನುತ್ತಾರೆ. ಮತ ಹಾಕುವುದಿಲ್ಲವೆಂದು ಅಪರಿಚಿತರೆದುರು ಒಪ್ಪಿಕೊಳ್ಳಲು ಸಂಕೋಚ. ಆದ್ದರಿಂದ ಪಾಶ್ಚಾತ್ಯ ಸಂಸ್ಥೆಗಳು ಹಿಂದಿನ ಚುನಾವಣೆಯಲ್ಲಿ ಮತ ಹಾಕಿದ್ದಿರಾ, ಮತಗಟ್ಟೆ ಎಲ್ಲಿದೆ ಗೊತ್ತೇ, ಚುನಾವಣೆಯ ಸುದ್ದಿಯನ್ನು ಗಮನಿಸುತ್ತಿದ್ದೀರಾ ಎಂಬಂತಹ ಪ್ರಶ್ನೆಗಳಿಂದ 'ಸಂಭಾವ್ಯ ಮತದಾರ'ರನ್ನು ಬೇರ್ಪಡಿಸಲು ಯತ್ನಿಸುತ್ತವೆ. 'ಇನ್ನೂ ನಿರ್ಧರಿಸಿಲ್ಲ' ಎಂದವರ ಉತ್ತರವೂ ಹೀಗೆಯೇ ಸಂದಿಗ್ಧ. ಅವರಲ್ಲಿ ಕೆಲವರು ನಿಜವಾಗಿಯೂ ಯೋಚಿಸುತ್ತಿರುತ್ತಾರೆ, ಕೆಲವರು ಗುಟ್ಟು ಕಾಯುತ್ತಿರುತ್ತಾರೆ, ಉಳಿದವರಿಗೆ ಮತ ಹಾಕುವ ಇಚ್ಛೆಯೇ ಇರುವುದಿಲ್ಲ. ಇವರನ್ನು ಲೆಕ್ಕದಿಂದ ತೆಗೆದು ಉಳಿದವರನ್ನೇ ನೂರಕ್ಕೆ ನೂರಾಗಿಸಿ ಪ್ರಕಟಿಸಿದಾಗ ಓದುಗನಿಗೆ ಇಲ್ಲದ ಖಚಿತತೆ ಕಾಣುತ್ತದೆ.

ಸಮೀಕ್ಷೆಯಿಂದ ಮತದಾರರ ಮೇಲಾಗುವ ಪರಿಣಾಮ

ಗೆದ್ದೆತ್ತಿನ ಬಾಲ ಹಿಡಿಯುವುದು ಮನುಷ್ಯನ ಸಹಜ ಪ್ರವೃತ್ತಿ. ಮುಂದಿರುವ ಪಕ್ಷದತ್ತ ಕೆಲವರು ವಾಲಬಹುದು. ಹಿಂದಿರುವವನ ಮೇಲೆ ಕನಿಕರ ಹುಟ್ಟಿ ಇನ್ನು ಕೆಲವರು ಅತ್ತ ಸರಿಯಬಹುದು. ಹರ್ಬರ್ಟ್ ಸೈಮನ್ 1954ರಲ್ಲಿಯೇ ಈ ಎರಡೂ ಪರಿಣಾಮಗಳನ್ನು ವಿಶ್ಲೇಷಿಸಿದ್ದರು. ತನ್ನ ಅಭಿಪ್ರಾಯ ಅಲ್ಪಸಂಖ್ಯಾತರದ್ದೆಂದು ಭಾವಿಸಿದವನು ಬಾಯಿ ಮುಚ್ಚಿಕೊಳ್ಳುತ್ತಾನೆ, ಅದರಿಂದ ಆ ಅಭಿಪ್ರಾಯ ಇನ್ನಷ್ಟು ಕ್ಷೀಣವಾಗಿ ಕಾಣುತ್ತದೆ ಎಂಬ 'ಮೌನದ ಸುರುಳಿ' ಸಿದ್ಧಾಂತವನ್ನು ಜರ್ಮನಿಯ ಎಲಿಜಬೆತ್ ನೋಲೆ-ನಾಯ್ಮನ್ 1974ರಲ್ಲಿ ಮಂಡಿಸಿದರು.

ನಿರಾಸಕ್ತಿಯ ದೃಷ್ಟಿಯಿಂದ ಮೂರನೆಯ ಪರಿಣಾಮ ಮುಖ್ಯ. ಫಲಿತಾಂಶ ಈಗಾಗಲೇ ನಿರ್ಧಾರವಾಗಿದೆ ಎಂಬ ಭಾವನೆ ಎರಡೂ ಕಡೆಯವರನ್ನು ಮನೆಯಲ್ಲಿ ಕೂರಿಸಬಹುದು: ನಮ್ಮವರು ಗೆದ್ದೇ ಗೆಲ್ಲುತ್ತಾರೆ ಎಂದು ಒಬ್ಬರು, ಹೇಗೂ ಸೋಲುತ್ತೇವೆ ಎಂದು ಇನ್ನೊಬ್ಬರು. ಅಮೆರಿಕದ 1980ರ ಚುನಾವಣೆಯಲ್ಲಿ ಪಶ್ಚಿಮ ಕರಾವಳಿಯ ರಾಜ್ಯಗಳಲ್ಲಿ ಮತದಾನ ನಡೆಯುತ್ತಿರುವಾಗಲೇ ದೂರದರ್ಶನ ಸಂಸ್ಥೆಯೊಂದು ರೊನಾಲ್ಡ್ ರೇಗನ್ ಗೆದ್ದರೆಂದು ಸಾರಿತು; ಜಿಮ್ಮಿ ಕಾರ್ಟರ್ ಸೋಲನ್ನೂ ಒಪ್ಪಿಕೊಂಡರು. ಅಲ್ಲಿನ ಮತದಾರರಿಗೆ ಸಾಲಿನಲ್ಲಿ ನಿಲ್ಲುವ ಉತ್ಸಾಹ ಉಳಿಯಲಿಲ್ಲವೆಂಬ ದೂರು ಕೇಳಿಬಂದಿತು. ಅದರಿಂದ ಮತದಾನ ಎಷ್ಟು ಕುಸಿಯಿತು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಾಗೆಯೇ, ಸ್ಪರ್ಧೆ ಸಮಬಲದ್ದೆಂದು ಸಮೀಕ್ಷೆ ತೋರಿಸಿದಾಗ ಮತದಾನ ಹೆಚ್ಚಲೂಬಹುದು.

ಕಾನೂನು ಮತ್ತು ನಿಯಂತ್ರಣ

ಭಾರತದ ಚುನಾವಣಾ ಆಯೋಗವು 1998ರಲ್ಲಿ ಸಮೀಕ್ಷೆಗಳ ಪ್ರಕಟಣೆಯನ್ನು ನಿರ್ಬಂಧಿಸುವ ಮಾರ್ಗಸೂಚಿ ಹೊರಡಿಸಿತು. ಕಾನೂನಿನ ಬೆಂಬಲವಿಲ್ಲದೆ ಅದನ್ನು ಜಾರಿಗೊಳಿಸುವ ಆಯೋಗದ ಅಧಿಕಾರ ಪ್ರಶ್ನಿತವಾಗಿ, 1999ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಷಯ ಬಂದ ಬಳಿಕ ಆಯೋಗ ಅದನ್ನು ಹಿಂತೆಗೆದುಕೊಂಡಿತು. ಇಂದು ಜಾರಿಯಲ್ಲಿರುವ ವ್ಯವಸ್ಥೆ 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದಲ್ಲಿದೆ.

• ಪ್ರಕರಣ 126: ಮತದಾನ ಮುಗಿಯುವ ಸಮಯಕ್ಕೆ ಹಿಂದಿನ 48 ಗಂಟೆಗಳಲ್ಲಿ ದೂರದರ್ಶನ ಮೊದಲಾದ ಮಾಧ್ಯಮಗಳ ಮೂಲಕ ಚುನಾವಣಾ ವಿಷಯಗಳನ್ನು ಪ್ರದರ್ಶಿಸುವಂತಿಲ್ಲ. ಚುನಾವಣಾಪೂರ್ವ ಸಮೀಕ್ಷೆಗಳ ಪ್ರಸಾರಕ್ಕೂ ಇದು ಅನ್ವಯಿಸುತ್ತದೆ.

• ಪ್ರಕರಣ 126-ಎ: 2009ರ ತಿದ್ದುಪಡಿಯಿಂದ ಸೇರ್ಪಡೆಯಾದುದು. ಮೊದಲ ಹಂತದ ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯಾಗುವವರೆಗೆ ಮತಗಟ್ಟೆ ಸಮೀಕ್ಷೆ ನಡೆಸುವುದನ್ನೂ ಅದರ ಫಲಿತಾಂಶ ಪ್ರಕಟಿಸುವುದನ್ನೂ ನಿಷೇಧಿಸುತ್ತದೆ. ಉಲ್ಲಂಘಿಸಿದರೆ 2 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು.

ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ, ಸಮೀಕ್ಷೆ ನಡೆಸಿದವರು ಯಾರು, ವಿಧಾನ ಯಾವುದು ಮುಂತಾದ ವಿವರಗಳನ್ನು ಕಡ್ಡಾಯವಾಗಿ ಬಹಿರಂಗಪಡಿಸಬೇಕೆಂದು ಅಭಿಪ್ರಾಯಪಟ್ಟಿತು. ಸಂಪೂರ್ಣ ನಿಷೇಧ ಬೇಕೆನ್ನುವವರು ಮತದಾರನ ಸ್ವತಂತ್ರ ನಿರ್ಧಾರವನ್ನೂ ಬೇಡವೆನ್ನುವವರು ವಾಕ್ ಸ್ವಾತಂತ್ರ್ಯವನ್ನೂ ಆಧಾರವಾಗಿ ಮುಂದಿಡುತ್ತಾರೆ.

ನಿರಾಸಕ್ತಿ ನಿವಾರಣೆಯ ಪ್ರಯತ್ನಗಳು

ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೆಯ ಸಂವಿಧಾನ ತಿದ್ದುಪಡಿ ಯುವಜನರನ್ನು ಪ್ರಜಾಪ್ರಭುತ್ವದೊಳಕ್ಕೆ ತರುವ ದೊಡ್ಡ ಹೆಜ್ಜೆಯಾಗಿತ್ತು. ಚುನಾವಣಾ ಆಯೋಗ ಸ್ಥಾಪನೆಯಾದ ಜನವರಿ 25ನ್ನು 2011ರಿಂದ ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. ಮತದಾರರಿಗೆ ತಿಳಿವಳಿಕೆ ನೀಡಲು ಆಯೋಗವು 'ಸ್ವೀಪ್' ಎಂಬ ಕಾರ್ಯಕ್ರಮವನ್ನು ನಡೆಸುತ್ತದೆ. ಮತದಾನದ ದಿನ ನೌಕರರಿಗೆ ವೇತನಸಹಿತ ರಜೆ ನೀಡಬೇಕೆಂದು ಪ್ರಜಾಪ್ರತಿನಿಧಿತ್ವ ಅಧಿನಿಯಮದ ಪ್ರಕರಣ 135-ಬಿ ವಿಧಿಸುತ್ತದೆ. ಕರ್ನಾಟಕದ 2023ರ ಚುನಾವಣೆಯಲ್ಲಿ 80 ವರ್ಷ ಮೀರಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ದೊರೆಯಿತು. 2024ರ ಲೋಕಸಭಾ ಚುನಾವಣೆಗೆ ಆ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು.

ಯಾವ ಅಭ್ಯರ್ಥಿಯೂ ಒಪ್ಪಿಗೆಯಿಲ್ಲದವರಿಗಾಗಿ 'ಮೇಲಿನ ಯಾರೂ ಅಲ್ಲ' ಎಂಬ ಆಯ್ಕೆ, ಅಂದರೆ ನೋಟಾ, ಇದೆ. ಸರ್ವೋಚ್ಚ ನ್ಯಾಯಾಲಯದ 2013ರ ಸೆಪ್ಟೆಂಬರ್ 27ರ ತೀರ್ಪಿನಿಂದ ಇದು ಜಾರಿಗೆ ಬಂದಿತು. ಲೋಕಸಭಾ ಚುನಾವಣೆಗಳಲ್ಲಿ ಒಟ್ಟು ಮತಗಳ ಸುಮಾರು ಶೇಕಡಾ 1ರಷ್ಟು ನೋಟಾಕ್ಕೆ ಬೀಳುತ್ತಿದೆ. 2024ರಲ್ಲಿ ಇಂದೋರ್ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ಹಿಂಪಡೆದಾಗ 2 ಲಕ್ಷಕ್ಕೂ ಹೆಚ್ಚು ಮತಗಳು ನೋಟಾಕ್ಕೆ ಬಂದವು. ಆದರೂ ಫಲಿತಾಂಶದ ಮೇಲೆ ನೋಟಾಕ್ಕೆ ಪ್ರಭಾವವಿಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ವಿಜಯಿ. ಮನೆಯಲ್ಲಿ ಉಳಿದವನ ಅತೃಪ್ತಿ ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ, ನೋಟಾ ಒತ್ತಿದವನದು ಎಣಿಕೆಗಾದರೂ ಸಿಗುತ್ತದೆ.

ಕೆಲವು ದೇಶಗಳಲ್ಲಿ ಮತದಾನ ಕಡ್ಡಾಯ. ಆಸ್ಟ್ರೇಲಿಯದಲ್ಲಿ 1922ರಲ್ಲಿ ಶೇಕಡಾ 60ಕ್ಕಿಂತ ಕಡಿಮೆಯಿದ್ದ ಮತದಾನವು, 1924ರಲ್ಲಿ ಕಡ್ಡಾಯ ಶಾಸನ ಬಂದ ನಂತರ 1925ರಲ್ಲಿ ಶೇಕಡಾ 90ನ್ನು ಮೀರಿತು. ಭಾರತದಲ್ಲಿ ಗುಜರಾತ್ ರಾಜ್ಯ ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮತದಾನದ ಕಾನೂನು ಮಾಡಿತು. 2015ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಕಾನೂನು ಆಯೋಗವೂ ಕಡ್ಡಾಯ ಮತದಾನವನ್ನು ಶಿಫಾರಸು ಮಾಡಲಿಲ್ಲ.

ಅಲ್ಪ ಅಂತರದ ಫಲಿತಾಂಶಗಳು

ಒಂದು ಮತದಿಂದ ಏನಾದೀತು ಎಂಬ ಮಾತಿಗೆ ಕರ್ನಾಟಕದಲ್ಲಿಯೇ ಉತ್ತರಗಳಿವೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಒಂದೇ ಒಂದು ಮತದಿಂದ ಗೆದ್ದರು. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಷಿ ಅವರೂ ಒಂದು ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದಲ್ಲಿ ಮರುಎಣಿಕೆಯ ನಂತರ ಸಿ.ಕೆ. ರಾಮಮೂರ್ತಿ ಅವರು ಸೌಮ್ಯಾ ರೆಡ್ಡಿ ಅವರ ವಿರುದ್ಧ 16 ಮತಗಳಿಂದ ವಿಜಯಿಯಾದರು. ಆ ಕ್ಷೇತ್ರದಲ್ಲಿ ಅಂದು ಮತ ಹಾಕದೆ ಉಳಿದವರ ಸಂಖ್ಯೆ ಸಾವಿರಗಟ್ಟಲೆ. ಇಂತಹ ಅಂತರವನ್ನು ಯಾವ ಸಮೀಕ್ಷೆಯೂ ಮುಂಗಾಣಲಾರದು.

ಸಮೀಕ್ಷೆಯನ್ನು ಓದುವಾಗ ಗಮನಿಸಬೇಕಾದ ಅಂಶಗಳು

• ಸಮೀಕ್ಷೆ ನಡೆಸಿದವರು ಯಾರು, ಹಣ ಕೊಟ್ಟವರು ಯಾರು?
• ಎಷ್ಟು ಜನರನ್ನು, ಯಾವ ದಿನಗಳಲ್ಲಿ, ಮನೆಗೆ ಹೋಗಿ ಕೇಳಿದರೋ ದೂರವಾಣಿಯಲ್ಲಿ ಕೇಳಿದರೋ?
• ದೋಷದ ಅಂಚು ಎಷ್ಟು? ಪಕ್ಷಗಳ ನಡುವಿನ ಅಂತರ ಅದಕ್ಕಿಂತ ಹೆಚ್ಚಿದೆಯೇ?
• 'ಹೇಳಲಾರೆ', 'ನಿರ್ಧರಿಸಿಲ್ಲ' ಎಂದವರು ಎಷ್ಟು? ಅವರನ್ನು ಏನು ಮಾಡಲಾಗಿದೆ?
• ಮತ ಹಾಕುವ ಸಂಭವವನ್ನು ಪರಿಗಣಿಸಲಾಗಿದೆಯೇ?
• ಕೊಟ್ಟಿರುವುದು ಮತಗಳ ಪ್ರಮಾಣವೋ ಸ್ಥಾನಗಳ ಸಂಖ್ಯೆಯೋ? ಒಂದರಿಂದ ಇನ್ನೊಂದಕ್ಕೆ ಬಂದ ಬಗೆ ಹೇಗೆ?

ಈ ವಿವರಗಳಿಲ್ಲದ ಸಮೀಕ್ಷೆಯನ್ನು ಊಹೆಯೆಂದೇ ಪರಿಗಣಿಸುವುದು ಸೂಕ್ತ.

ಇವನ್ನೂ ನೋಡಿ

• ಭಾರತದ ಚುನಾವಣಾ ಆಯೋಗ
• ಪ್ರಜಾಪ್ರತಿನಿಧಿತ್ವ ಅಧಿನಿಯಮ, 1951
• ನೋಟಾ
• ರಾಷ್ಟ್ರೀಯ ಮತದಾರರ ದಿನ
• ಕರ್ನಾಟಕ ವಿಧಾನಸಭಾ ಚುನಾವಣೆ, 2023